ಮಾವ ಐ2ಎ, ತಮ್ಮ ಆರ್1ಎ: ಇಬ್ಬರಲ್ಲಿ ಸ್ಲಾವ್ ಯಾರು?

ಪ್ರಶ್ನೆ: ನಾನು ಮೈಸೂರಿನವಳು. ಮದುವೆಯಾಗಿ ವಿಯೆನ್ನಾದಲ್ಲಿ ಇದ್ದೇನೆ. ನನ್ನ ಗಂಡ ಸರ್ಬಿಯನ್. ಅವರ ಮನೆತನ ಮೂಲದಲ್ಲಿ ಬೋಸ್ನಿಯಾದ ದಕ್ಷಿಣಕ್ಕಿರುವ ಹರ್ಜೆಗೊವಿನಾದ ಬೆಟ್ಟಸೀಮೆಯದು. ಈಚೆಗೆ ಮಾವನವರು ವೈ-ಡಿಎನ್‌ಎ ಪರೀಕ್ಷೆ ಮಾಡಿಸಿದರು. ಐ2ಎ-ಪಿಎಚ್908 ಎಂದು ಬಂತು. ಅದೇ ಹೊತ್ತಿಗೆ ಊರಲ್ಲಿ ನನ್ನ ತಮ್ಮನೂ ಮಾಡಿಸಿದ. ಅವನದು ಆರ್1ಎ-ಝಡ್93. ಗಂಡನ ಸ್ನೇಹಿತರು ಇದನ್ನು ನೋಡಿ, "ಆರ್1ಎ ಅಂದ್ರೆ ಸ್ಲಾವ್. ಐ2ಎ ಅಂದ್ರೆ ಹಿಮಯುಗದಿಂದ ಬಾಲ್ಕನ್‌ನಲ್ಲೇ ಇದ್ದವರು, ಸ್ಲಾವ್ ಅಲ್ಲ" ಎಂದರು. ಹಾಗಾದ್ರೆ ನನ್ನ ತಮ್ಮ ಸ್ಲಾವ್, ನನ್ನ ಮಾವ ಅಲ್ವಾ? ಮಾವನವರಿಗೆ ಈ ಮಾತು ಮನಸ್ಸಿಗೆ ಹತ್ತಿದೆ. ಅವರ ತಂದೆಯ ಕಡೆಯ ವಂಶವನ್ನು ಇನ್ನೂ ಹಿಂದಕ್ಕೆ ಹುಡುಕಲು ಏನು ಮಾಡಬೇಕು? ನಮಗೆ ಒಬ್ಬಳೇ ಮಗಳು. ಅವಳಿಗೆ ಇದರಲ್ಲಿ ಏನೂ ಪಾಲಿಲ್ವಾ?

ಉತ್ತರ: ಮೊದಲು ಮಾವನವರ ಬೇಸರ ಕಳೆಯೋಣ. ಸ್ಲಾವ್ ಎಂದರೆ ರಷ್ಯನ್, ಪೋಲಿಷ್, ಸರ್ಬಿಯನ್‌ನಂಥ ಒಂದೇ ಕುಟುಂಬದ ಭಾಷೆ ಆಡುವ ಜನ. ಸ್ನೇಹಿತರು ಹೇಳಿದ್ದು ಎರಡೂ ತಪ್ಪು. ಪಿಎಚ್908 ಕವಲು ಬಾಲ್ಕನ್‌ಗೆ, ಅಂದರೆ ಯುರೋಪಿನ ಆಗ್ನೇಯ ಮೂಲೆಗೆ, ಬಂದದ್ದು ಸ್ಲಾವ್ ವಲಸೆಯ ಜೊತೆಗೇ, ಸುಮಾರು 1,400 ವರ್ಷಗಳ ಹಿಂದೆ. ಈಗ ಸಿಕ್ಕಿರುವ ಸಾಕ್ಷ್ಯವೆಲ್ಲ ಅದನ್ನೇ ಹೇಳುತ್ತದೆ. ನಿಮ್ಮ ತಮ್ಮನ ಝಡ್93 ಕವಲಾದರೋ ಸ್ಲಾವ್ ಎಂಬ ಜನ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಬೇರೆ ದಾರಿ ಹಿಡಿದದ್ದು. ಆದರೆ ಉತ್ತರವನ್ನು ಇಷ್ಟಕ್ಕೇ ನಿಲ್ಲಿಸಿದರೆ ನಾಳೆ ಇನ್ನೊಬ್ಬ ಸ್ನೇಹಿತ ಬಂದು ಇನ್ನೊಂದು ಹೇಳುತ್ತಾನೆ. ಹಾಗಾಗಿ ಇದು ನಮಗೆ ಹೇಗೆ ಗೊತ್ತು ಎನ್ನುವುದನ್ನೂ ಹೇಳುತ್ತೇನೆ.

ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ. ಉಳಿದ ಕ್ರೋಮೋಸೋಮ್‌ಗಳಲ್ಲಿ ಪ್ರತಿ ತಲೆಮಾರಿನಲ್ಲೂ ಅಜ್ಜನದು ಅಜ್ಜಿಯದು ಸೇರಿ ಕಲಸಿಹೋಗುತ್ತದೆ. ವೈ ಹಾಗಲ್ಲ. ತುದಿಯ ಚೂರು ಬಿಟ್ಟರೆ ಉಳಿದದ್ದು ಇದ್ದ ಹಾಗೇ ಇಳಿದು ಬರುತ್ತದೆ. ಇದರ ಉದ್ದ ಸುಮಾರು 6 ಕೋಟಿ 20 ಲಕ್ಷ ಅಕ್ಷರ. ಅದನ್ನು ಕೊನೆಯಿಂದ ಕೊನೆವರೆಗೆ ಪೂರ್ತಿ ಓದಲು ಸಾಧ್ಯವಾದದ್ದು 2023ರಲ್ಲಿ. ನಕಲಾಗುವಾಗ ಅಪರೂಪಕ್ಕೆ ಒಂದು ಅಕ್ಷರ ಬದಲಾಗುತ್ತದೆ. ಹಾಗೆ ಬದಲಾದದ್ದು ಆ ಮಗನ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಲ್ಲರಲ್ಲೂ ಉಳಿಯುತ್ತದೆ. ಪಿಎಚ್908 ಅಂಥ ಒಂದು ಬದಲಾವಣೆಯ ಹೆಸರು. ಝಡ್93 ಇನ್ನೊಂದು. ಅದನ್ನು ಹೊತ್ತ ಗಂಡಸರೆಲ್ಲ, ಎಲ್ಲೇ ಇರಲಿ, ಆ ಬದಲಾವಣೆ ಮೊದಲು ಆದ ಒಬ್ಬನೇ ಮನುಷ್ಯನ ಸಂತಾನ. ಅವರ ಗುಂಪನ್ನೇ ಹ್ಯಾಪ್ಲೋಗ್ರೂಪ್ ಎನ್ನುತ್ತೇವೆ.

ಅಂದರೆ ಹ್ಯಾಪ್ಲೋಗ್ರೂಪ್ ನಮಗೆ ಕೊಡುವುದು ಒಬ್ಬ ಪೂರ್ವಜ ಮತ್ತು ಅವನ ಅಂದಾಜು ಕಾಲ. ಅವನು ಯಾವ ಭಾಷೆ ಆಡುತ್ತಿದ್ದ, ಯಾವ ದೇವರಿಗೆ ಕೈಮುಗಿಯುತ್ತಿದ್ದ, ತನ್ನನ್ನು ಏನೆಂದು ಕರೆದುಕೊಳ್ಳುತ್ತಿದ್ದ ಎನ್ನುವುದು ಅದರಲ್ಲಿ ಇಲ್ಲ. ಅದನ್ನು ಬೇರೆ ಕಡೆಯಿಂದ ತರಬೇಕು: ಹಳೆಯ ಎಲುಬು, ಮಡಕೆ, ಬರವಣಿಗೆ, ಭಾಷೆ. "ಈ ಅಕ್ಷರ ಅಂದ್ರೆ ಈ ಜನ" ಎಂಬ ಲೆಕ್ಕ ಎಲ್ಲೂ ಸರಿಬರುವುದಿಲ್ಲ.

ನಿಮ್ಮ ತಮ್ಮನ ವಿಷಯ ಮೊದಲು ಮುಗಿಸುತ್ತೇನೆ, ಅದು ಸುಲಭ. ಆರ್1ಎ ತುಂಬಾ ಹಳೆಯ ದೊಡ್ಡ ಮರ. ಅದರಲ್ಲಿ ಎಂ417 ಎಂಬ ಕೊಂಬೆ ಸುಮಾರು 5,500 ವರ್ಷಗಳ ಹಿಂದೆ ಕವಲೊಡೆಯಿತು. ಆಮೇಲೆ ಸುಮಾರು 5,000 ವರ್ಷಗಳ ಹಿಂದೆ ಎರಡು ಮುಖ್ಯ ಕವಲು ಬೇರೆಯಾದವು. ಒಂದು ಝಡ್282. ಇದು ಯುರೋಪಿನದು. ಪೋಲೆಂಡ್, ಬೆಲರೂಸ್, ರಷ್ಯಾದ ಆರ್1ಎ ಗಂಡಸರು ಹೆಚ್ಚಾಗಿ ಇದರ ಒಳಗೇ, ಎಂ458 ಅಥವಾ ಝಡ್280 ಎಂಬ ಉಪಕವಲುಗಳಲ್ಲಿ ಬರುತ್ತಾರೆ. ಇನ್ನೊಂದು ಝಡ್93. ಇದು ಏಷ್ಯಾದ ಕಡೆ ಹೊರಳಿದ್ದು. ಭಾರತದ ಆರ್1ಎ ಬಹುಪಾಲು ಇದೇ.

ಝಡ್93 ಹೊತ್ತ ಹಳೆಯ ಎಲುಬುಗಳು ಎಲ್ಲಿ ಸಿಕ್ಕಿವೆ ಎಂದರೆ ನಿಮ್ಮ ತಮ್ಮನಿಗೆ ಆಶ್ಚರ್ಯವಾಗಬಹುದು. ವೋಲ್ಗಾ ನದಿಯ ಮೇಲಿನ ಭಾಗದಲ್ಲಿ, ಈಗಿನ ಮಾಸ್ಕೋ ಸುತ್ತಿನ ಸೀಮೆಯಲ್ಲಿ, ಕ್ರಿ.ಪೂ. 2900ರಿಂದ ಮುಂದೆ ಬಾಳಿದ ಫತ್ಯಾನೊವೊ ಸಂಸ್ಕೃತಿಯ ಸಮಾಧಿಗಳಲ್ಲಿ ಸಿಕ್ಕಿವೆ. ಆಮೇಲೆ ಉರಲ್ ಬೆಟ್ಟಗಳ ದಕ್ಷಿಣದ ಸಿಂತಾಷ್ತಾ ಎಂಬ ಸಂಸ್ಕೃತಿಯ ನೆಲೆಗಳಲ್ಲಿ. ಅಲ್ಲಿಂದ ಮಧ್ಯ ಏಷ್ಯಾ, ಆಮೇಲೆ ಕ್ರಿ.ಪೂ. 2000ರಿಂದ 1500ರ ನಡುವೆ ಭಾರತ. 2019ರಲ್ಲಿ ದಕ್ಷಿಣ ಮತ್ತು ಮಧ್ಯ ಏಷ್ಯಾದ ಹಳೆಯ ಡಿಎನ್‌ಎ ಬಗ್ಗೆ ಬಂದ ದೊಡ್ಡ ಅಧ್ಯಯನ ತೋರಿಸಿದ್ದು ಇದನ್ನೇ. ಹಾಗಂತ ಫತ್ಯಾನೊವೊ ಜನರನ್ನು ರಷ್ಯನ್ನರು ಎನ್ನುವ ಹಾಗಿಲ್ಲ. ಸ್ಲಾವ್ ಎಂಬ ಹೆಸರು ಮೊದಲ ಸಲ ಬರವಣಿಗೆಯಲ್ಲಿ ಕಾಣುವುದು ಅದಕ್ಕಿಂತ 2,500ಕ್ಕೂ ಹೆಚ್ಚು ವರ್ಷ ಆದಮೇಲೆ. ನಿಮ್ಮ ತಮ್ಮನಿಗೂ ಒಬ್ಬ ಪೋಲಿಷ್ ಆರ್1ಎ ಗಂಡಸಿಗೂ ತಂದೆಯ ಕಡೆಯಿಂದ ಒಬ್ಬ ಅಜ್ಜ ಸಮಾನ. ಆದರೆ ಅವನು ಬಾಳಿದ್ದು 5,000 ವರ್ಷಗಳ ಹಿಂದೆ. ನಿಮ್ಮ ತಮ್ಮನಿಗೂ ನಿಮ್ಮ ಮಾವನಿಗೂ ಇರುವ ಸಮಾನ ಅಜ್ಜ 45,000 ವರ್ಷಕ್ಕೂ ಹಿಂದಿನವನು, ಏಕೆಂದರೆ ಆರ್ ಮತ್ತು ಐ ಬೇರೆಯಾದದ್ದು ಅಷ್ಟು ಹಿಂದೆ.

ಈಗ ಮಾವನವರ ಐ2ಎ. ನನಗೆ ತುಂಬಾ ಇಷ್ಟವಾದ ಕಥೆ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಐ ಗುಂಪು ಯುರೋಪಿನ ಹಳೆಯ ಬೇಟೆಗಾರರದು ಎನ್ನುವುದು ನಿಜ. ಲಕ್ಸೆಂಬರ್ಗ್‌ನ ಲೋಶ್‌ಬೂರ್ ಎಂಬಲ್ಲಿ ಸಿಕ್ಕ ಸುಮಾರು 8,000 ವರ್ಷ ಹಳೆಯ ಬೇಟೆಗಾರ ಐ2ಎ. 2000ದ ದಶಕದಲ್ಲಿ ಸಂಶೋಧಕರು ಈಗಿನ ಜನರನ್ನು ಪರೀಕ್ಷಿಸಿ ನಕ್ಷೆ ಬರೆದಾಗ ಐ2ಎ ಅತಿ ಜಾಸ್ತಿ ಕಂಡದ್ದು ಹರ್ಜೆಗೊವಿನಾ ಮತ್ತು ಪಕ್ಕದ ಕ್ರೊಯೇಷಿಯಾ ಕರಾವಳಿಯ ದಾಲ್ಮೇಷಿಯಾದ ಬೆಟ್ಟಗಳಲ್ಲಿ. ಹರ್ಜೆಗೊವಿನಾದ ಕ್ರೊವಾಟ್ ಗಂಡಸರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಇದೇ. ಇದನ್ನು ನೋಡಿ ಒಂದು ತೀರ್ಮಾನ ಬಂತು: ಹಿಮಯುಗದಲ್ಲಿ ಬಾಲ್ಕನ್‌ನಲ್ಲಿ ಆಶ್ರಯ ಪಡೆದವರೇ ಇವರು, ಅಲ್ಲಿಂದಲೇ ಹರಡಿದರು ಎಂದು. ಗಂಡನ ಸ್ನೇಹಿತರು ಹೇಳಿದ್ದು ಈ ಹಳೆಯ ತೀರ್ಮಾನವನ್ನೇ.

ಇದರಲ್ಲಿ ಎರಡು ದೋಷ ಇದ್ದವು. ಮೊದಲನೆಯದು, ಜಾಸ್ತಿ ಇರುವ ಜಾಗವೇ ಹುಟ್ಟಿದ ಜಾಗ ಎಂದುಕೊಂಡದ್ದು. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಎಲ್ಲಿ ನೋಡಿದರೂ ಕಾಫಿ. ಆದರೆ ಅರೇಬಿಕಾ ಕಾಫಿಯ ಹುಟ್ಟೂರು ಇಥಿಯೋಪಿಯಾ, ಅಲ್ಲಿನ ಕಾಡಿನಲ್ಲಿ ಅದರ ಬಗೆಬಗೆಯ ತಳಿ ಇವೆ. ಬಾಬಾ ಬುಡನ್ ತಂದ ಕೆಲವು ಬೀಜದಿಂದ ಇಲ್ಲಿ ಹರಡಿತು ಎಂಬ ಕಥೆ ನಿಮಗೆ ಗೊತ್ತೇ ಇದೆ. ವೈ ಕವಲುಗಳಲ್ಲೂ ಎಣಿಕೆ ನೋಡಬಾರದು, ಬಗೆ ನೋಡಬೇಕು. ಒಂದು ಕವಲಿನ ಹಳೆಯ, ಒಂದಕ್ಕೊಂದು ದೂರವಾದ ಉಪಕವಲುಗಳು ಎಲ್ಲಿ ಒಟ್ಟಿಗೆ ಸಿಗುತ್ತವೋ ಅಲ್ಲೇ ಹತ್ತಿರದಲ್ಲಿ ಅದರ ಮೂಲ ಇರುವ ಸಾಧ್ಯತೆ ಜಾಸ್ತಿ. ಹರ್ಜೆಗೊವಿನಾದ ಐ2ಎ ಗಂಡಸರು ಎಣಿಕೆಯಲ್ಲಿ ಬಹಳ, ಬಗೆಯಲ್ಲಿ ತೀರಾ ಕಡಿಮೆ. ಎಲ್ಲರೂ ಒಬ್ಬರಿಗೊಬ್ಬರು ಹತ್ತಿರದವರು. ಹಿಮಯುಗದಿಂದ ಅಲ್ಲೇ ಇದ್ದವರಾದರೆ ಹೀಗೆ ಇರಲು ಸಾಧ್ಯವಿಲ್ಲ.

ಎರಡನೆಯದು ಗಡಿಯಾರದ ದೋಷ. ಆಗ ಕಾಲ ಅಳೆಯುತ್ತಿದ್ದದ್ದು ಎಸ್‌ಟಿಆರ್ ಎಂಬ ಗುರುತುಗಳಿಂದ. ಡಿಎನ್‌ಎಯ ಕೆಲವು ಜಾಗದಲ್ಲಿ ಒಂದೇ ಸಣ್ಣ ತುಣುಕು ಹನ್ನೆರಡು ಸಲ, ಹದಿಮೂರು ಸಲ ಹೀಗೆ ಮರುಕಳಿಸುತ್ತದೆ. ತಲೆಮಾರು ಕಳೆದಂತೆ ಈ ಎಣಿಕೆ ಒಂದೊಂದು ಹೆಚ್ಚು ಕಡಿಮೆ ಆಗುತ್ತದೆ. ಎಷ್ಟು ವೇಗವಾಗಿ? 2004ರಲ್ಲಿ ಲೆವ್ ಝಿವೊತೊವ್‌ಸ್ಕಿ ಮತ್ತು ಜೊತೆಯವರು ಒಂದು ವೇಗ ಸೂಚಿಸಿದರು. ನಿಜವಾದ ಅಪ್ಪ ಮಕ್ಕಳ ಜೋಡಿಗಳಲ್ಲಿ ಎಣಿಸಿದ ವೇಗಕ್ಕೆ ಹೋಲಿಸಿದರೆ ಅದು ಮೂರು ಪಟ್ಟು ನಿಧಾನ. ಆ ದಶಕದ ಬಹಳಷ್ಟು ಲೇಖನಗಳು ಆ ನಿಧಾನದ ವೇಗವನ್ನೇ ಬಳಸಿದವು. ಹಾಗಾಗಿ 2,500 ವರ್ಷದ ಕವಲು ಕಾಗದದ ಮೇಲೆ 7,500 ವರ್ಷದ್ದಾಯಿತು. ಸ್ಲಾವ್ ಕಾಲದ್ದು ಶಿಲಾಯುಗಕ್ಕೆ ಹೋಗಿ ಕುಳಿತಿತು.

ಇದನ್ನು ಮೊದಲು ಬಲವಾಗಿ ಪ್ರಶ್ನಿಸಿದವರಲ್ಲಿ ಒಬ್ಬರು ಕೆನೆತ್ ನಾರ್ಟ್‌ವೆಟ್. ಅವರು ಮೂಲತಃ ಭೌತವಿಜ್ಞಾನಿ. ಗುರುತ್ವದ ಸಿದ್ಧಾಂತದಲ್ಲಿ ಅವರ ಹೆಸರಿನ ಒಂದು ಪರಿಣಾಮವೇ ಇದೆ. ನಿವೃತ್ತಿಯ ಕಾಲದಲ್ಲಿ ಅವರು ಐ ಗುಂಪಿನ ಗಂಡಸರ ಎಸ್‌ಟಿಆರ್ ಎಣಿಕೆಗಳನ್ನು ಜೋಡಿಸಿ ನೋಡಿ, ಈ ಬಾಲ್ಕನ್ ಕವಲು ತೀರಾ ಎಳೆಯದು, ಅದರಲ್ಲಿ ಉತ್ತರದ್ದು ದಕ್ಷಿಣದ್ದು ಎಂದು ಎರಡು ಗುಂಪು ಇವೆ ಎಂದು ಗುರುತಿಸಿದರು. ಪ್ರಯೋಗಾಲಯದ ಹೊರಗಿನ ಒಬ್ಬರು, ಸಾಮಾನ್ಯ ಜನ ಮಾಡಿಸಿದ ಪರೀಕ್ಷೆಗಳಿಂದ ಇಷ್ಟು ಮಾಡಿದ್ದು ಈ ಕ್ಷೇತ್ರದ ಚಂದ.

ಈಗ ನಾವು ಎಸ್‌ಟಿಆರ್ ನೆಚ್ಚಿ ಕೂರಬೇಕಿಲ್ಲ. ವೈಯ ಓದಬಲ್ಲ ಭಾಗವನ್ನೆಲ್ಲ ಓದಿ, ಅಕ್ಷರ ಬದಲಾವಣೆಗಳನ್ನೇ ಎಣಿಸುತ್ತೇವೆ. ಒಂದೂವರೆ ಕೋಟಿ ಅಕ್ಷರದಷ್ಟು ಓದಿದರೆ ಸರಾಸರಿ 80-90 ವರ್ಷಕ್ಕೆ ಒಂದು ಬದಲಾವಣೆ ಸಿಗುತ್ತದೆ. ಈ ವೇಗ ಸರಿಯೇ ಎಂದು ನೋಡಲು ಹಳೆಯ ಎಲುಬುಗಳೇ ನೆರವಾದವು. ಸೈಬೀರಿಯಾದ ಉಸ್ತ್-ಇಶಿಮ್ ಎಂಬಲ್ಲಿ 2008ರಲ್ಲಿ ಒಬ್ಬ ಗಂಡಸಿನ ತೊಡೆಯೆಲುಬು ಸಿಕ್ಕಿತು. ಎಲುಬಿನ ವಯಸ್ಸು ಅಳೆಯುವ ರೇಡಿಯೋಕಾರ್ಬನ್ ವಿಧಾನದ ಪ್ರಕಾರ ಸುಮಾರು 45,000 ವರ್ಷ ಹಳೆಯದು. ಅವನ ವೈಯಲ್ಲಿ ನಮಗಿಂತ ಎಷ್ಟು ಬದಲಾವಣೆ ಕಡಿಮೆ ಇವೆ ಎಂದು ಎಣಿಸಿ ಗಡಿಯಾರವನ್ನು ಹೊಂದಿಸಿದರು.

ಆ ಗಡಿಯಾರದಲ್ಲಿ ಮಾವನವರ ವಂಶ ನೋಡಿದರೆ ಹೀಗೆ ಕಾಣುತ್ತದೆ. ಸಿಟಿಎಸ್10228 ಎಂಬ ಕೊಂಬೆ. ಅದರೊಳಗೆ ವೈ3120. ಈ ವೈ3120ರ ಈಗಿನ ಗಂಡಸರೆಲ್ಲರ ಸಮಾನ ಅಜ್ಜ ಬಾಳಿದ್ದು ಸುಮಾರು 2,200 ವರ್ಷಗಳ ಹಿಂದೆ, ಅಷ್ಟೆ. ಅವನ ಸಂತಾನ ಇವತ್ತು ಪೋಲೆಂಡ್, ಉಕ್ರೇನ್, ಬೆಲರೂಸ್, ರಷ್ಯಾ, ರೊಮೇನಿಯಾ, ಬಲ್ಗೇರಿಯಾ, ಬಾಲ್ಕನ್ ಎಲ್ಲ ಕಡೆ ಇದೆ. ಅದರ ಬೇರೆಬೇರೆ ಉಪಕವಲುಗಳು, ಉದಾಹರಣೆಗೆ ವೈ4460, ಪೂರ್ವ ಯುರೋಪಿನಲ್ಲಿ ಚೆನ್ನಾಗಿ ಹರಡಿವೆ. ಪಿಎಚ್908 ಇವುಗಳಲ್ಲಿ ಒಂದು ಉಪಕವಲಿನ ಒಳಗಿನದು, ಸುಮಾರು 1,800 ವರ್ಷದ್ದು. ಇದು ಮಾತ್ರ ಪಶ್ಚಿಮ ಬಾಲ್ಕನ್‌ನ ದಿನಾರಿಕ್ ಬೆಟ್ಟಸಾಲಿನಲ್ಲಿ ಭಾರಿಯಾಗಿ ಬೆಳೆದಿದೆ. ಕಾರಣ ಇಷ್ಟೇ: ಬಂದ ಕೆಲವೇ ಗಂಡಸರ ಮಕ್ಕಳು ಮೊಮ್ಮಕ್ಕಳು ಬೆಟ್ಟದ ಸಣ್ಣ ಸಣ್ಣ ಕುಲಗಳಲ್ಲಿ ಬೇಗ ಹೆಚ್ಚಿದರು. ಅಲ್ಲಿಂದ ಮತ್ತೆ ತುರ್ಕರ ಕಾಲದಲ್ಲಿ ಉತ್ತರಕ್ಕೆ ಇಳಿದರು. ಹರ್ಜೆಗೊವಿನಾದ ಎಷ್ಟೋ ಮನೆತನ ಸರ್ಬಿಯಾ, ಬೋಸ್ನಿಯಾ, ಕ್ರೊಯೇಷಿಯಾದ ಬಯಲಿಗೆ ಹೋದದ್ದು ಹೀಗೆ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಪಿಎಚ್908 ಸರ್ಬರಲ್ಲಿ ಇದೆ, ಕ್ರೊವಾಟರಲ್ಲಿ ಇದೆ, ಬೋಸ್ನಿಯಾದ ಮುಸ್ಲಿಮರಲ್ಲೂ ಇದೆ. ಆರ್ಥೊಡಾಕ್ಸ್, ಕ್ಯಾಥೊಲಿಕ್, ಇಸ್ಲಾಂ ಎಂಬ ಗಡಿ ಇದಕ್ಕೆ ಗೊತ್ತಿಲ್ಲ. ಆ ನೆಲದಲ್ಲಿ 1990ರ ದಶಕದ ಯುದ್ಧಗಳಲ್ಲಿ ಏನಾಯಿತು ಎನ್ನುವುದು ನಿಮ್ಮ ಮನೆಯವರಿಗೆ ನನಗಿಂತ ಚೆನ್ನಾಗಿ ಗೊತ್ತು. "ನಾವೇ ಮೊದಲು ಬಂದವರು" ಎನ್ನಲು ಯಾರಾದರೂ ಹ್ಯಾಪ್ಲೋಗ್ರೂಪ್ ಹಿಡಿದು ಬಂದರೆ ದಯವಿಟ್ಟು ಒಪ್ಪಬೇಡಿ. ಈ ವಿಜ್ಞಾನವನ್ನು ಅದಕ್ಕೆ ಬಳಸುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಇನ್ನು ಸ್ಲಾವ್ ವಲಸೆ. 6ನೇ ಶತಮಾನದಲ್ಲಿ, ಜಸ್ಟಿನಿಯನ್ ಚಕ್ರವರ್ತಿಯ ಕಾಲದಲ್ಲಿ (527–565), ಡ್ಯಾನ್ಯೂಬ್ ನದಿಯಾಚೆಯಿಂದ ಸ್ಕ್ಲವೇನಿ ಎಂಬ ಜನ ಬಂದು ನುಗ್ಗುತ್ತಿದ್ದಾರೆ ಎಂದು ಬೈಜಾಂಟಿಯಮ್‌ನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಇತಿಹಾಸಕಾರ ಪ್ರೊಕೋಪಿಯಸ್ ಬರೆದ. ಇನ್ನೊಬ್ಬ ಇತಿಹಾಸಕಾರ ಜೋರ್ಡಾನೆಸ್ 551ರ ಸುಮಾರಿಗೆ ಅವರ ಜೊತೆ ಆಂಟೆ, ವೆನೆತಿ ಎಂಬ ಹೆಸರನ್ನೂ ಹೇಳಿದ. 626ರಲ್ಲಿ ಹುಲ್ಲುಗಾವಲಿನ ಕುದುರೆ ಸವಾರರಾದ ಅವಾರರು ಸಾಮ್ರಾಜ್ಯದ ರಾಜಧಾನಿ ಕಾನ್ಸ್ಟಾಂಟಿನೋಪಲ್‌ಗೆ ಮುತ್ತಿಗೆ ಹಾಕಿದಾಗ ಸ್ಲಾವರೂ ಜೊತೆಗಿದ್ದರು. ಸರ್ಬರೂ ಕ್ರೊವಾಟರೂ ಹೆರಾಕ್ಲಿಯಸ್ ಕಾಲದಲ್ಲಿ (610–641) ಉತ್ತರದಿಂದ ಬಂದು ನೆಲೆಸಿದರು ಎಂದು 10ನೇ ಶತಮಾನದ ಚಕ್ರವರ್ತಿ ಏಳನೇ ಕಾನ್ಸ್ಟಾಂಟಿನ್ ಬರೆದಿಟ್ಟ. ಮಣ್ಣಿನಲ್ಲಿ ಸಿಗುವುದು ಪ್ರಾಗ್-ಕೊರ್ಚಾಕ್ ಎಂಬ ಸಂಸ್ಕೃತಿಯ ಗುರುತು: ಕೈಯಲ್ಲೇ ಮಾಡಿದ ಒರಟು ಮಡಕೆ, ಅರ್ಧ ನೆಲದೊಳಗೆ ತೋಡಿದ ಗುಡಿಸಲು, ಮೂಲೆಯಲ್ಲಿ ಕಲ್ಲಿನ ಒಲೆ.

ಇಷ್ಟು ಇದ್ದರೂ ನೂರು ವರ್ಷ ವಾದ ನಡೆಯಿತು. ಜನವೇ ಬಂದರೋ, ಇಲ್ಲ ಭಾಷೆ, ರೂಢಿ ಮಾತ್ರ ಹರಡಿತೋ? ಇದನ್ನು ತೀರ್ಮಾನಿಸಲು ಎಲುಬು ಬೇಕು. ಆದರೆ ಆದಿ ಸ್ಲಾವರು ಹೆಣವನ್ನು ಸುಡುತ್ತಿದ್ದರು. ಸುಟ್ಟ ಎಲುಬಿನಲ್ಲಿ ಡಿಎನ್‌ಎ ಉಳಿಯುವುದಿಲ್ಲ. ಹೂಳುವ ರೂಢಿ ಬಹಳ ಕಡೆ ಬಂದದ್ದು ಕ್ರೈಸ್ತ ಧರ್ಮದ ಜೊತೆಗೆ. ಪೋಲೆಂಡ್‌ನಲ್ಲಿ ಅದು 966ರ ನಂತರ. ಹಾಗಾಗಿ ಅತಿ ಮುಖ್ಯವಾದ ಮೂರ್ನಾಲ್ಕು ಶತಮಾನ ಬಹುತೇಕ ಖಾಲಿ ಇತ್ತು.

ಈ ಖಾಲಿ ಜಾಗ ತುಂಬಿದ್ದು ತೀರಾ ಈಚೆಗೆ. 2023ರಲ್ಲಿ ಬಾಲ್ಕನ್‌ನ ಮೊದಲ ಸಹಸ್ರಮಾನದ 136 ಜನರ ಜೀನೋಮ್, ಅಂದರೆ ಎಲ್ಲ ಕ್ರೋಮೋಸೋಮ್‌ಗಳ ಡಿಎನ್‌ಎ, ಪ್ರಕಟವಾಯಿತು. ಸರ್ಬಿಯಾದ ವಿಮಿನಾಸಿಯಮ್ ಎಂಬ ರೋಮನ್ ಪಟ್ಟಣದವರೂ ಅದರಲ್ಲಿ ಇದ್ದರು. ರೋಮನ್ ಆಳ್ವಿಕೆ ಮುಗಿದಮೇಲೆ ಪೂರ್ವ ಯುರೋಪಿನ ಜನ ದೊಡ್ಡ ಪ್ರಮಾಣದಲ್ಲಿ ಬಂದರು, ಇವತ್ತಿನ ಬಾಲ್ಕನ್ ಜನರ ವಂಶದಲ್ಲಿ 30ರಿಂದ 60 ಪ್ರತಿಶತ ಅವರ ಪಾಲು ಎಂದು ಅದು ತೋರಿಸಿತು. ನಿಮ್ಮ ಮಾವನಿಗೆ ಬೇಕಾದ ಅಂಶವೂ ಅದರಲ್ಲೇ ಇದೆ. ರೋಮನ್ ಕಾಲದ ಬಾಲ್ಕನ್ ಗಂಡಸರಲ್ಲಿ ಅವರ ಐ2ಎ ಕೊಂಬೆ ಕಾಣಿಸುವುದಿಲ್ಲ. ಅದು ಕಾಣಿಸಿಕೊಳ್ಳುವುದು ಸ್ಲಾವರು ಬಂದಮೇಲೆ, ಆರ್1ಎ-ಝಡ್282 ಜೊತೆಗೆ. ಎರಡೂ ಒಂದೇ ಜನರ ಒಳಗಿದ್ದ ಎರಡು ವಂಶ. ಉತ್ತರಕ್ಕೆ ಹೋದ ಗುಂಪುಗಳಲ್ಲಿ ಒಂದು ಹೆಚ್ಚಿತು, ದಕ್ಷಿಣಕ್ಕೆ ಹೋದವುಗಳಲ್ಲಿ ಇನ್ನೊಂದು. ಹಾಗಾಗಿ ಪೋಲೆಂಡ್‌ನಲ್ಲಿ ಅರ್ಧಕ್ಕೂ ಹೆಚ್ಚು ಗಂಡಸರು ಆರ್1ಎ, ಸರ್ಬಿಯಾದಲ್ಲಿ ಆರೇಳು ಜನರಲ್ಲಿ ಒಬ್ಬ ಮಾತ್ರ. ಐ2ಎ ಅಲ್ಲಿ ಮೂರರಲ್ಲಿ ಒಂದು ಪಾಲು.

2025ರಲ್ಲಿ ಇನ್ನೂ ದೊಡ್ಡ ಅಧ್ಯಯನ ಬಂತು. ಲೈಪ್ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರೂ ಸೇರಿ ಮಾಡಿದ್ದು. 555 ಹಳೆಯ ಜನರ ಡಿಎನ್‌ಎ, ಅದರಲ್ಲಿ 359 ಸ್ಲಾವ್ ಕಾಲದ ನೆಲೆಗಳವರು. 6ರಿಂದ 8ನೇ ಶತಮಾನದ ನಡುವೆ ಪೂರ್ವ ಜರ್ಮನಿ, ಪೋಲೆಂಡ್, ಕ್ರೊಯೇಷಿಯಾದಲ್ಲಿ ಸ್ಥಳೀಯರ ಪಾಲು 80 ಪ್ರತಿಶತಕ್ಕೂ ಜಾಸ್ತಿ ಬದಲಾಯಿತು ಎಂದು ಅದರ ಲೆಕ್ಕ. ಬಂದವರ ಮೂಲ ದಕ್ಷಿಣ ಬೆಲರೂಸ್ ಮತ್ತು ಉತ್ತರ ಉಕ್ರೇನ್ ಕಡೆಗೆ ಬೆರಳು ತೋರಿಸುತ್ತದೆ. 2007ರಲ್ಲೇ ಪೋಲಿಷ್ ಸಂಶೋಧಕ ಕ್ಷಿಶ್ತೋಫ್ ರೆಂಬಾವಾ ಮತ್ತು ಜೊತೆಯವರು ಈಗಿನ ಗಂಡಸರ ವೈ ನೋಡಿ, ಉಕ್ರೇನ್‌ನ ನೀಪರ್ ನದಿಯ ಮಧ್ಯಭಾಗವೇ ಸ್ಲಾವರ ತವರು ಎಂದಿದ್ದರು. ಇಬ್ಬರ ಉತ್ತರವೂ ಹತ್ತಿರ ಹತ್ತಿರ ಬಂದು ಕೂಡಿತು.

ಹಾಗಾದರೆ ಪ್ರತಿಯೊಬ್ಬ ಸರ್ಬಿಯನ್ ಗಂಡಸಿನ ವಂಶವೂ ಬೆಲರೂಸ್‌ನಿಂದ ಬಂದದ್ದಾ? ಅಲ್ಲ. ಮಾಂಟೆನೆಗ್ರೊದ ವಾಸೊಯೆವಿಚ್ ಕುಲ ದೊಡ್ಡದು, ಹೆಸರಾದದ್ದು. ಅವರ ಮುಖ್ಯ ವಂಶ ಇ-ವಿ13, ಬಾಲ್ಕನ್‌ನಲ್ಲಿ ಸ್ಲಾವರಿಗಿಂತ ಹಳೆಯದು. ದ್ರೋಬ್‌ನ್ಯಾಕ್ ಕುಲದ್ದು ಐ1, ಉತ್ತರ ಯುರೋಪಿನ ಕಡೆಯದು. ಇಬ್ಬರೂ ಸ್ಲಾವ್ ಭಾಷೆ ಆಡುವ ಆರ್ಥೊಡಾಕ್ಸ್ ಬೆಟ್ಟದವರು, ಶತಮಾನಗಳಿಂದ. ಅವರನ್ನು ಕಡಿಮೆ ಸ್ಲಾವ್ ಎನ್ನಲು ಯಾವ ಅರ್ಥವೂ ಇಲ್ಲ. ನಿಮ್ಮ ಮಾವನವರ ವಂಶ ಐ2ಎ ಬದಲು ಇ-ವಿ13 ಎಂದು ಬಂದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಹತ್ತು ತಲೆಮಾರು ಹಿಂದೆ ಹೋದರೆ ಅವರಿಗೆ 1,024 ಪೂರ್ವಜರ ಜಾಗ. ವೈ ಹೇಳುವುದು ಅದರಲ್ಲಿ ಒಬ್ಬನ ಮಾತು.

ಈಗ ಮುಂದೆ ಏನು ಮಾಡಬೇಕು ಎನ್ನುವುದು.

ಪರೀಕ್ಷೆಯ ವರದಿ ತೆಗೆದು ನೋಡಿ. ಪಿಎಚ್908 ನೇರವಾಗಿ ಓದಿದ್ದಾ, ಅಥವಾ ಎಸ್‌ಟಿಆರ್ ಎಣಿಕೆಯಿಂದ ಊಹಿಸಿದ್ದಾ? ಊಹೆಯಾದರೂ ಈ ಕವಲಿನಲ್ಲಿ ಸಾಮಾನ್ಯವಾಗಿ ಸರಿ ಇರುತ್ತದೆ. ಆದರೆ 1,800 ವರ್ಷದ ಗುರುತು ಮಾವನವರ ಮನೆತನದ ಬಗ್ಗೆ ಏನೂ ಹೇಳುವುದಿಲ್ಲ, ಲಕ್ಷಾಂತರ ಗಂಡಸರಿಗೆ ಅದೇ ಇದೆ. ಮನೆತನಕ್ಕೆ ಹತ್ತಿರ ಬರಬೇಕಾದರೆ ವೈಯನ್ನು ವಿಸ್ತಾರವಾಗಿ ಓದಿಸಬೇಕು. ಫ್ಯಾಮಿಲಿಟ್ರೀಡಿಎನ್‌ಎ ಎಂಬ ಕಂಪನಿಯ ಬಿಗ್ ವೈ-700 ಪರೀಕ್ಷೆ ಅಂಥದ್ದು. ಪೂರ್ತಿ ಜೀನೋಮ್ ಓದಿಸಿದರೂ ಆಗುತ್ತದೆ. ಆ ಫೈಲನ್ನು ವೈಫುಲ್‌ನಂಥ, ವೈ ಕವಲುಗಳ ಮರ ಕಟ್ಟುವ ಜಾಲತಾಣಕ್ಕೆ ಸೇರಿಸಿದರೆ ಮರದಲ್ಲಿ ಯಾರ ಪಕ್ಕ ಕೂರುತ್ತಾರೆ, ಅವರಿಗೂ ಇವರಿಗೂ ಸಮಾನ ಅಜ್ಜ ಯಾವ ಶತಮಾನದವನು ಎಂದು ಗೊತ್ತಾಗುತ್ತದೆ. 37 ಎಸ್‌ಟಿಆರ್‌ನ ಪರೀಕ್ಷೆಗೆ ಇನ್ನು ದುಡ್ಡು ಹಾಕಬೇಡಿ. ಪಿಎಚ್908 ಅಷ್ಟು ಬೇಗ ಬೆಳೆದ ಕವಲಾದ್ದರಿಂದ ಸಂಬಂಧವೇ ಇಲ್ಲದವರ ಎಣಿಕೆಯೂ ಕಾಕತಾಳೀಯವಾಗಿ ಹೊಂದಿಬಿಡುತ್ತದೆ.

ಡಿಎನ್‌ಎಗಿಂತ ಮುಂಚೆ ಅಥವಾ ಜೊತೆಗೇ ಮಾಡಬೇಕಾದ ಕೆಲಸ ಒಂದಿದೆ. ಮಾವನವರ ಮನೆಯ ಸ್ಲಾವಾ ಯಾವುದು ಎಂದು ಕೇಳಿ. ನೀವು ನೋಡೇ ಇರುತ್ತೀರಿ: ವರ್ಷಕ್ಕೊಂದು ದಿನ ಮನೆತನದ ಸಂತನ ಹೆಸರಲ್ಲಿ ಮೇಣದಬತ್ತಿ ಹಚ್ಚಿ, ಬೇಯಿಸಿದ ಗೋಧಿ ಮತ್ತು ವಿಶೇಷ ರೊಟ್ಟಿ ಇಟ್ಟು ಮಾಡುವ ಹಬ್ಬ. ಡಿಸೆಂಬರ್ 19ರ ಸಂತ ನಿಕೊಲಾ, ಮೇ 6ರ ಸಂತ ಜಾರ್ಜ್ ಹೀಗೆ. 2014ರಲ್ಲಿ ಯುನೆಸ್ಕೊ ಇದನ್ನು ತನ್ನ ಪಟ್ಟಿಗೆ ಸೇರಿಸಿತು. ಇದು ಅಪ್ಪನಿಂದ ಮಗನಿಗೆ ಬರುತ್ತದೆ, ವೈಯ ಹಾಗೇ. ಊರು ಬಿಟ್ಟರೂ, ಹೆಸರು ಬದಲಾದರೂ ಸ್ಲಾವಾ ಸಾಮಾನ್ಯವಾಗಿ ಬದಲಾಗುವುದಿಲ್ಲ. ಮನೆತನದ ಹೆಸರನ್ನು ಮಾತ್ರ ಅಷ್ಟು ನೆಚ್ಚಬೇಡಿ, ಅಪ್ಪ ಅಜ್ಜನ ಹೆಸರಿಗೆ -ಇಚ್ ಸೇರಿಸಿ ಕರೆಯುವ ರೂಢಿ 19ನೇ ಶತಮಾನದವರೆಗೂ ಬದಲಾಗುತ್ತಲೇ ಇತ್ತು. ಅದೇ ಸ್ಲಾವಾ, ಅದೇ ಮೂಲ ಊರು, ಅದೇ ವೈ ಉಪಕವಲು, ಮೂರೂ ಹೊಂದಿದರೆ ಬೇರೆ ಹೆಸರಿನ ಇಬ್ಬರು ಒಂದೇ ಮನೆತನದವರು ಎಂದು ಧೈರ್ಯವಾಗಿ ಹೇಳಬಹುದು.

ಭೂಗೋಳಶಾಸ್ತ್ರಜ್ಞ ಯೊವಾನ್ ಸ್ವಿಯಿಚ್ (1865–1927) ಮತ್ತು ಅವರ ಶಿಷ್ಯರು 20ನೇ ಶತಮಾನದ ಶುರುವಿನಿಂದ ಊರೂರು ತಿರುಗಿ, ಪ್ರತಿ ಮನೆತನ ಎಲ್ಲಿಂದ ಬಂತು, ಯಾವಾಗ ಬಂತು, ಸ್ಲಾವಾ ಯಾವುದು ಎಂದು ಬರೆದಿಟ್ಟರು. ಹರ್ಜೆಗೊವಿನಾದ ಬಹಳ ಊರು ಅದರಲ್ಲಿ ಸಿಗುತ್ತವೆ. ಚರ್ಚಿನ ದಾಖಲೆ ಅಲ್ಲಿ ಹೆಚ್ಚಾಗಿ 19ನೇ ಶತಮಾನದಿಂದ ಈಚಿನದು. ಅದಕ್ಕೂ ಹಿಂದೆ ಹೋಗಲು ಒಟ್ಟೊಮನ್ನರ ತೆರಿಗೆ ದಫ್ತರಗಳಿವೆ. ಹರ್ಜೆಗೊವಿನಾ ಪ್ರಾಂತದ ದಫ್ತರ 1475–77ರದು. ಮನೆಯ ಯಜಮಾನನ ಹೆಸರು, ಬಹಳ ಕಡೆ ಅಪ್ಪನ ಹೆಸರೂ ಅದರಲ್ಲಿದೆ. ಅಲ್ಲಿಂದ ಮಾವನವರ ತನಕ ಹೆಸರು ಹೆಸರು ಜೋಡಿಸುವುದು ಸಾಮಾನ್ಯವಾಗಿ ಆಗದ ಕೆಲಸ. ಆದರೆ ಯಾವ ಊರಲ್ಲಿ ಯಾವ ಗುಂಪು ಇತ್ತು ಎನ್ನುವುದು ತಿಳಿಯುತ್ತದೆ.

ಒಂದು ಎಚ್ಚರಿಕೆ. ಯುರೋಪಿನ ಅಧ್ಯಯನಗಳ ಪ್ರಕಾರ ಕಾಗದದ ಮೇಲಿನ ಅಪ್ಪನೇ ನಿಜವಾದ ಅಪ್ಪ ಆಗಿರದ ಪ್ರಮಾಣ ತಲೆಮಾರಿಗೆ ಸುಮಾರು 1 ಪ್ರತಿಶತ. ಇದರಲ್ಲಿ ದತ್ತು, ಮರುಮದುವೆ, ಅತ್ತೆಮನೆಗೆ ಬಂದು ಆ ಹೆಸರನ್ನೇ ಹೊತ್ತ ಅಳಿಯ ಎಲ್ಲ ಸೇರುತ್ತದೆ. ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ 30 ತಲೆಮಾರಿಗೆ ಲೆಕ್ಕ ಹಾಕಿದರೆ ಎಲ್ಲಾದರೂ ಒಂದು ಕಡೆ ಎಳೆ ಕಡಿದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮಾವನವರ ದಾಯಾದಿಗಳಲ್ಲಿ ಒಬ್ಬರನ್ನು, ಆದಷ್ಟು ದೂರದವರನ್ನು, ಪರೀಕ್ಷಿಸಿದರೆ ಎಳೆ ಗಟ್ಟಿಯಾಗುತ್ತದೆ. ಆದರೆ ಹೊಂದದಿದ್ದರೆ ಏನು ಎಂದು ಮೊದಲೇ ಎಲ್ಲರೂ ಕೂತು ಮಾತಾಡಿಕೊಳ್ಳಿ. ಒಪ್ಪದ ಹಿರಿಯರನ್ನು ಒತ್ತಾಯ ಮಾಡಬೇಡಿ.

ಕೊನೆಗೆ ಮಗಳು. ಅವಳಲ್ಲಿ ವೈ ಇಲ್ಲ, ಹಾಗಾಗಿ ಪಿಎಚ್908 ಅವಳಿಗೆ ಇಳಿದಿಲ್ಲ. ಆದರೆ 2025ರ ಅಧ್ಯಯನದಲ್ಲಿ ಇನ್ನೊಂದು ಫಲಿತಾಂಶ ಇತ್ತು, ಸುದ್ದಿಯಲ್ಲಿ ಅಷ್ಟಾಗಿ ಬರಲಿಲ್ಲ. ಬಂದವರು ಬರೀ ಗಂಡಸರ ದಂಡು ಆಗಿದ್ದರೆ ಹೊಸ ವಂಶದ ಗುರುತು ವೈಯಲ್ಲಿ ಜಾಸ್ತಿ, ಉಳಿದ ಕಡೆ ಕಡಿಮೆ ಇರಬೇಕಿತ್ತು. ಹಾಗೆ ಇರಲಿಲ್ಲ. ಗಂಡು ಹೆಣ್ಣು ಎಂಬ ಭೇದವೇ ಕಾಣಲಿಲ್ಲ. ಅಂದರೆ ಹೆಂಡತಿ, ಮಕ್ಕಳು, ಮುದುಕರು ಎಲ್ಲ ಸೇರಿ ಸಂಸಾರಗಳೇ ನಡೆದು ಬಂದವು. ಆ ಹೆಂಗಸರು ಯಾರೂ ವೈ ಮರದಲ್ಲಿ ಕಾಣುವುದಿಲ್ಲ. ಅವರ ಪಾಲು ಇರುವುದು ಉಳಿದ 22 ಜೋಡಿ ಕ್ರೋಮೋಸೋಮ್ ಮತ್ತು ಎಕ್ಸ್‌ನಲ್ಲಿ. ಅದರ ಅರ್ಧ ಭಾಗ ನಿಮ್ಮ ಮಗಳಿಗೆ ಅಪ್ಪನಿಂದ ಬಂದಿದೆ. ಇನ್ನರ್ಧ ನಿಮ್ಮದು. ತಾಯಿಯಿಂದ ಮಾತ್ರ ಇಳಿಯುವ ಮೈಟೊಕಾಂಡ್ರಿಯಾದ ಡಿಎನ್‌ಎ ಪೂರ್ತಿ ನಿಮ್ಮದು, ನಿಮ್ಮ ತಾಯಿಯದು, ಅವರ ತಾಯಿಯದು. ಅವಳು ದೊಡ್ಡವಳಾಗಿ ತಾನೇ ಕೇಳಿದರೆ ಆ 22 ಜೋಡಿಯನ್ನು ನೋಡುವ ಆಟೋಸೋಮಲ್ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಮಾವನವರ ತಾಯಿ, ಅಜ್ಜಿಯರ ತವರು ಯಾವುದು ಎಂದು ಕೇಳಿ ಬರೆದಿಡಿ. ಮದುವೆಯಾಗಿ ಬಂದ ಹೆಣ್ಣು ಗಂಡನ ಮನೆಯ ಸ್ಲಾವಾ ಮಾಡುವುದರಿಂದ ತವರಿನ ಸ್ಲಾವಾ ಎರಡು ತಲೆಮಾರಿನಲ್ಲಿ ಮರೆತುಹೋಗುತ್ತದೆ. ಅದನ್ನು ಯಾವ ಪ್ರಯೋಗಾಲಯವೂ ಹುಡುಕಿ ಕೊಡಲಾರದು. ಮಾವನವರಿಗೆ ಇನ್ನೂ ನೆನಪಿರಬಹುದು.